ಹಾಯಿ, ಕೂವೆ, ಚುಕ್ಕಾಣಿ ಇವೆ; ಹಾಯಿ ಹೊರಳಿಸುವುದಕ್ಕೆ ಏನನ್ನುತ್ತೀರಿ?

ಎಲ್ಲರಿಗೂ ನಮಸ್ಕಾರ.

ಡಿಸೆಂಬರಿನಲ್ಲಿ ನಮ್ಮ ಮನೆಯ ಆರು ಜನ ಈಜಿಪ್ಟಿಗೆ ಹೊರಟಿದ್ದೇವೆ. ನೈಲ್ ನದಿಯ ಮೇಲೆ ನಿಧಾನವಾಗಿ, ಎಂಜಿನ್ನಿನ ಸದ್ದಿಲ್ಲದೆ, ಗಾಳಿ ಕರೆದುಕೊಂಡು ಹೋದಷ್ಟು ದೂರ ಹೋಗಿಬರಬೇಕೆಂಬ ಆಸೆ. ಯಾವ ದೋಣಿ ಹಿಡಿಯುವುದು ಎಂದು ಮನೆಯವರೆಲ್ಲ ಕೂತು ತೀರ್ಮಾನಿಸಬೇಕಿತ್ತು. ಅದಕ್ಕಾಗಿ ಎರಡು ಪುಟದ ಒಂದು ಟಿಪ್ಪಣಿಯನ್ನು ಕನ್ನಡದಲ್ಲೇ ಬರೆಯಲು ಕೂತೆ, ಏಕೆಂದರೆ ನಮ್ಮ ಜೊತೆ ಬರುವ ದೊಡ್ಡಪ್ಪನಿಗೆ ಕನ್ನಡ, ಕೊಂಕಣಿ ಬಿಟ್ಟು ಬೇರೆ ಭಾಷೆ ಓದಲು ಬರುವುದಿಲ್ಲ. ಎರಡನೆಯ ಪ್ಯಾರಾದಲ್ಲೇ ನನ್ನ ಕೈ ನಿಂತಿತು.

ನಾನು ಬರೆದ ವಾಕ್ಯ ಹೀಗಿತ್ತು: “ಫೆಲುಕಾ ಎಂಬುದು ತೆರೆದ ಸಣ್ಣ ನೌಕೆ. ಇದಕ್ಕೆ ಒಂದು ಸ್ತಂಭ, ಅದಕ್ಕೆ ತ್ರಿಕೋನಾಕಾರದ ಪಟ.” ದೊಡ್ಡಪ್ಪ ಓದಿ ಕೇಳಿದರು: “ಸ್ತಂಭ ಅಂದ್ರೆ ಕೂವೆಯೋ? ಹಂಗಾದ್ರೆ ಕೂವೆ ಅಂತ ಬರಿ.” ಹೊನ್ನಾವರದ ಅಳಿವೆಯ ಪಕ್ಕ ಬೆಳೆದವರು ಅವರು. ಹುಡುಗರಾಗಿದ್ದಾಗ ಮಂಗಳೂರು ಹಂಚು ಹೊತ್ತ ಮಂಜಿಗಳೆಂಬ ಸರಕಿನ ಹಾಯಿದೋಣಿಗಳ ಮೇಲೆ ಅಡುಗೆಗೆ ಕೈಜೋಡಿಸಿ ಹೋಗಿಬಂದವರು. ನಾನೋ ಬೆಂಗಳೂರಿನಲ್ಲಿ ಬೆಳೆದವಳು. ಕೂವೆ ಎಂದರೆ ನನಗೆ ಗಂಜಿ ಕಾಯಿಸುವ ಕೂವೆ ಹಿಟ್ಟಷ್ಟೇ. ನಿಘಂಟು ತೆಗೆದು ನೋಡಿದರೆ ಗಿಡದ ಕೂವೆಯ ಜೊತೆಗೆ ಹಡಗಿನ ಕೂವೆಯೂ, ಅಂದರೆ ಹಾಯಿ ಹೊರುವ ಕಂಬವೂ, ಕೂತಿದೆ. ಕೂವೆಗಂಬ, ಕೂವೆಮರ ಎಂದೂ ಇದೆ. ತಮಿಳಿನ ‘ಕೂಂಬು’ ಇದರ ದಾಯಾದಿ. ಇಷ್ಟು ಚೆಂದದ ಎರಡಕ್ಷರ ಇರುವಾಗ ‘ಸ್ತಂಭ’ ಎಂದು ಬರೆದದ್ದು ನನಗೆ ನಿಜವಾಗಿಯೂ ನೋವಾಯಿತು. ಅಂದಿನಿಂದ ಈ ದೋಣಿಯ ಪದಗಳ ಬೆನ್ನು ಹತ್ತಿದ್ದೇನೆ.

ಮೊದಲು ‘ಹಾಯಿ’. ಹೊಳೆ ಹಾಯುವುದಕ್ಕೆ ನೆರವಾಗುವುದರಿಂದ ಅದು ಹಾಯಿ ಎಂದು ಬಹಳ ಜನ ಅಂದುಕೊಂಡಿದ್ದಾರೆ. ನಾನೂ ಹಾಗೆಯೇ ನಂಬಿದ್ದೆ. ಹಾಗಲ್ಲ. ತಮಿಳಿನಲ್ಲಿ ‘ಪಾಯ್’ ಎಂದರೆ ಚಾಪೆ, ಹಾಯಿಯೂ ಅದೇ ಪಾಯ್. ಮಲಯಾಳದ ‘ಪಾಯ’ಕ್ಕೂ ಎರಡೂ ಅರ್ಥಗಳಿವೆ. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ ನಮ್ಮಲ್ಲಿ ಪಾಯಿ ಹಾಯಿಯಾಗಿದೆ. ಅಂದರೆ ಹಾಯಿ ಮೂಲದಲ್ಲಿ ಚಾಪೆ. ಓಲೆಯನ್ನೋ ಹುಲ್ಲನ್ನೋ ಹೆಣೆದು ಗಾಳಿಗೆ ಎತ್ತಿ ಕಟ್ಟಿದ ಚಾಪೆ. ಬಟ್ಟೆ ಬಂದ ಮೇಲೂ ಹೆಸರು ಉಳಿಯಿತು. ಆದರೆ ಮಲಗುವ ಚಾಪೆಯ ಅರ್ಥವನ್ನು ಕನ್ನಡ ಕೈಬಿಟ್ಟಿದ್ದರಿಂದ ನಮಗೆ ನೆಂಟಸ್ತಿಕೆ ಕಾಣುವುದಿಲ್ಲ. ‘ಹೋರಿ ಹಾಯ್ದಿತು’, ‘ಹೊಳೆ ಹಾಯ್ದ’ ಎನ್ನುವಾಗಿನ ಹಾಯು ಬೇರೆ. ಅದು ತಮಿಳಿನಲ್ಲಿ ನೆಗೆ, ನುಗ್ಗು ಎಂಬರ್ಥದ ಪಾಯ್. ಎರಡೂ ಒಂದೇ ಉಚ್ಚಾರಕ್ಕೆ ಬಂದು ನಿಂತಿದ್ದರಿಂದ ಹುಟ್ಟಿದ ಗೊಂದಲ ಇದು. ಹಾಗಾಗಿ ‘ಪಟ’ ಎಂದು ಬರೆಯುವ ಅಗತ್ಯವೇ ಇಲ್ಲ. ಪಟ ಎಂದರೆ ಇಂದಿನ ಓದುಗನಿಗೆ ಗೋಡೆಯ ಚಿತ್ರವೋ ಗಾಳಿಪಟವೋ ಕಣ್ಣಿಗೆ ಬರುತ್ತದೆ.

ಇನ್ನು ಚುಕ್ಕಾಣಿ. ಪತ್ರಿಕೆಗಳಲ್ಲಿ ಅಧಿಕಾರದ ಚುಕ್ಕಾಣಿ ಹಿಡಿಯುವವರು ದಿನಕ್ಕೊಬ್ಬರಿದ್ದಾರೆ. ದೋಣಿಯ ಚುಕ್ಕಾಣಿ ಹಿಡಿದವರನ್ನು ನೋಡಿದವರು ಕಡಿಮೆ. ಈ ಪದ ಅರಬ್ಬಿಯ ‘ಸುಕ್ಕಾನ್’. ತಮಿಳು, ಮಲಯಾಳಗಳಲ್ಲಿ ಚುಕ್ಕಾನ್, ಮರಾಠಿಯಲ್ಲಿ ಸುಕಾಣು. ಅರಬ್ಬೀ ಸಮುದ್ರದ ಗಾಳಿ ತಂದು ನಮ್ಮ ದಡಕ್ಕೆ ಬಿಟ್ಟ ಪದ. ಪಾರಸಿಯ ಲಂಗರು ಬಂದದ್ದೂ ಇದೇ ದಾರಿಯಲ್ಲಿ. ದೊಡ್ಡಪ್ಪ ತಮ್ಮ ಕನ್ನಡದ ಚುಕ್ಕಾಣಿಯನ್ನು ಅರಬ್ಬಿ ಆಡುವ ನಾಡಿಗೇ ಹಿಂದಕ್ಕೆ ಒಯ್ಯುತ್ತಿದ್ದಾರೆ ಎಂದು ನನಗೆ ಹಿಗ್ಗಾಯಿತು. ಆದರೆ ಇಂದಿನ ಅರಬ್ಬಿಯಲ್ಲಿ ಚುಕ್ಕಾಣಿಗೆ ‘ದಫ್ಫಾ’ ಎನ್ನುವುದೇ ಹೆಚ್ಚು. ಸುಕ್ಕಾನ್ ಎಂದರೆ ಅಲ್ಲಿ ಈಗ ನಿವಾಸಿಗಳು, ಜನಸಂಖ್ಯೆ ಎಂಬ ಅರ್ಥವೇ ಮೊದಲು ಹೊಳೆಯುತ್ತದೆ. ಅಲ್ಲಿಯವರು ಹಿಂದಕ್ಕೆ ಸರಿಸಿದ ಪದವನ್ನು ನಾವು ದಿನಪತ್ರಿಕೆಯ ಮುಖಪುಟದಲ್ಲಿ ಇಟ್ಟುಕೊಂಡಿದ್ದೇವೆ.

ದೋಣಿಗಳ ಹೆಸರಿಗೆ ಬರುತ್ತೇನೆ, ಏಕೆಂದರೆ ನಮ್ಮ ಆಯ್ಕೆ ಇದ್ದದ್ದು ಅಲ್ಲೇ. ನೈಲ್ ಮೇಲೆ ನಿಧಾನದ ಪ್ರಯಾಣಕ್ಕೆ ಹಳೆಯ ಬಗೆಯ ದೋಣಿಗಳು ಮುಖ್ಯವಾಗಿ ಎರಡು. ಒಂದನ್ನು ಈಜಿಪ್ಟಿನವರು ಫಲೂಕಾ ಎನ್ನುತ್ತಾರೆ. ಯುರೋಪು ಸುತ್ತಿ ನಮಗೆ ಬಂದ ರೂಪ ಫೆಲುಕಾ. ಕನ್ನಡದಲ್ಲಿ ಬರೆಯುವಾಗ ಆಡುವವರ ಬಾಯಿಗೆ ಹತ್ತಿರವಿರುವ ‘ಫಲೂಕ’ ಮೇಲೆಂದು ನನ್ನ ಅಭಿಪ್ರಾಯ. ಇದು ಒಂದೇ ಕೂವೆಯ, ಮೇಲೆ ಕೋಣೆಗಳಿಲ್ಲದ ದೋಣಿ. ಹಲಗೆಯ ಮೇಲೆ ಉದ್ದಕ್ಕೂ ಹಾಸಿಗೆ ಹಾಸಿರುತ್ತಾರೆ. ಹಗಲು ಅದೇ ಕೂಡುವ ಜಾಗ, ರಾತ್ರಿ ಅದೇ ಮಲಗುವ ಜಾಗ. ಬಿಸಿಲಿಗೆ ಮೇಲೊಂದು ಚಪ್ಪರದ ಬಟ್ಟೆ. ಸಾಮಾನ್ಯವಾಗಿ ಶೌಚಾಲಯ ಇರುವುದಿಲ್ಲ, ದಡಕ್ಕೆ ಇಳಿಯಬೇಕು. ಈಜಿಪ್ಟಿನ ದಕ್ಷಿಣದ ಅಸ್ವಾನ್‌ನಿಂದ ಹೊರಟು ಸುಮಾರು 45 ಕಿ.ಮೀ. ದೂರದ ಕೋಮ್ ಓಂಬೊ ಕಡೆಗೆ ಒಂದು ರಾತ್ರಿ, ಅಥವಾ 105 ಕಿ.ಮೀ. ಆಸುಪಾಸಿನ ಎಡ್ಫು ಕಡೆಗೆ ಎರಡು ಮೂರು ರಾತ್ರಿ, ಹೀಗೆ ಜನ ಹೋಗುತ್ತಾರೆ. ಎರಡನೆಯದು ದಹಬೀಯ. ಅರಬ್ಬಿಯಲ್ಲಿ ದಹಬ್ ಎಂದರೆ ಚಿನ್ನ; ಹೆಸರಿನ ಅರ್ಥವೇ ‘ಹೊನ್ನಿನದು’. ಇದು ದೊಡ್ಡದು, ಎರಡು ಕೂವೆಯದು. ಮುಂದಿನ ಹಾಯಿ ದೊಡ್ಡದು, ಹಿಂದಿನದು ಚಿಕ್ಕದು. ಒಳಗೆ ಕೋಣೆ, ಹಾಸಿಗೆ, ಸ್ನಾನದ ಮನೆ. ಎಸ್ನಾ ಮತ್ತು ಅಸ್ವಾನ್ ನಡುವೆ ನಾಲ್ಕೈದು ರಾತ್ರಿ ಓಡಾಡುತ್ತದೆ. ಗಾಳಿ ಸಾಲದಿದ್ದರೆ ಎಂಜಿನ್ನಿನ ಸಣ್ಣ ದೋಣಿಯೊಂದು ಎಳೆದುಕೊಂಡು ಹೋಗುತ್ತದೆ.

ಈ ಎರಡನ್ನೂ ‘ಹಾಯಿದೋಣಿ’ ಎಂದರೆ ನಮ್ಮ ಮನೆಯವರಿಗೆ ವ್ಯತ್ಯಾಸ ತಿಳಿಯುವುದು ಹೇಗೆ? ದಹಬೀಯವನ್ನು ‘ಹಾಯಿಹಡಗು’ ಅನ್ನೋಣವೆಂದರೆ ಹಡಗು ಕಡಲಿನದು. ಹೊಳೆಯ ಮೇಲೆ ಹಡಗು ಎಂದರೆ ನೂರಾರು ಜನ ತುಂಬುವ ನಾಲ್ಕು ಅಂತಸ್ತಿನ ಪ್ರವಾಸಿ ಹಡಗೇ ಕಣ್ಣಮುಂದೆ ಬರುತ್ತದೆ. ಅವೂ ನೈಲ್ ಮೇಲೆ ಸಾಲುಸಾಲಾಗಿ ಇವೆ. ‘ದೋಣಿಮನೆ’ ಎಂದು ಬರೆದರೆ ಕೇರಳದ ಆಲಪ್ಪುಳದ ಕೆಟ್ಟುವಳ್ಳಂ ನೆನಪಾಗುತ್ತದೆ. ಕಟ್ಟಿದ ದೋಣಿ ಎಂಬ ಹೆಸರಿಗೆ ತಕ್ಕಂತೆ ಹಲಗೆಗಳನ್ನು ತೆಂಗಿನ ಹುರಿಯಿಂದ ಹೊಲಿದು ಕಟ್ಟುತ್ತಿದ್ದ ದೋಣಿ ಅದು, ಈಗ ಓಡುವುದು ಎಂಜಿನ್ನಿನಲ್ಲಿ. ಆದರೂ ಬೇರೆ ಪದ ಸಿಗದೆ ನಾನು ಕೊನೆಗೆ ಫಲೂಕಕ್ಕೆ ‘ಒಂಟಿಗೂವೆ ದೋಣಿ’, ದಹಬೀಯಕ್ಕೆ ‘ಇಗ್ಗೂವೆ ದೋಣಿಮನೆ’ ಎಂದು ಬರೆದೆ. ಇರ್ + ಕೂವೆ ‘ಇಗ್ಗೂವೆ’ ಆಗುತ್ತದೆಯೇ, ‘ಇರ್ಕೂವೆ’ಯೇ ಸರಿಯೇ, ವ್ಯಾಕರಣ ಬಲ್ಲವರು ತಿದ್ದಿ. ದೊಡ್ಡಪ್ಪನಂತೂ ಇಡೀ ಟಿಪ್ಪಣಿಯನ್ನು ಆ ಒಂದೇ ಪ್ರಶ್ನೆಯಿಂದ ಓದಿದರು: ಕೂವೆ ಒಂದೋ ಎರಡೋ?

ಕ್ರೂಸ್ ಎಂಬುದಕ್ಕೆ ‘ನೌಕಾವಿಹಾರ’ ಎಲ್ಲೆಡೆ ಚಾಲ್ತಿಯಲ್ಲಿದೆ. ನನಗೆ ಅದು ಒಗ್ಗುವುದಿಲ್ಲ. ವಿಹಾರ ಎಂದರೆ ಸಂಜೆ ಅರ್ಧ ಗಂಟೆ ಕೆರೆಯ ಮೇಲೆ ಪೆಡಲು ತುಳಿದು ಬರುವುದು. ದಿನಗಟ್ಟಲೆ ದೋಣಿಯಲ್ಲೇ ಉಂಡು, ಮಲಗಿ, ಎದ್ದು ಹೋಗುವುದಕ್ಕೆ ‘ದೋಣಿವಾಸ’ ಎಂದರೆ ಹೇಗೆ? ವನವಾಸದ ನೆರಳು ಬೀಳುತ್ತದೆ ಎಂದು ತಂಗಿ ಆಕ್ಷೇಪಿಸಿದಳು. ಗ್ರಾಮವಾಸಕ್ಕೆ ಬೀಳದ ನೆರಳು ದೋಣಿವಾಸಕ್ಕೇಕೆ ಬೀಳಬೇಕು?

ಈಗ ನನ್ನನ್ನು ಬಹಳ ದಿನ ಹಿಡಿದಿಟ್ಟುಕೊಂಡ ವಿಷಯ. ನೈಲ್ ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತದೆ. ಗಾಳಿ ವರ್ಷದ ಬಹುಪಾಲು ಉತ್ತರದಿಂದ ದಕ್ಷಿಣಕ್ಕೆ ಬೀಸುತ್ತದೆ. ಹೊಳೆಯ ಮೇಲಕ್ಕೆ ಹೋಗಬೇಕೆಂದರೆ ಹಾಯಿ ಬಿಚ್ಚಬೇಕು, ಕೆಳಕ್ಕೆ ಬರಬೇಕೆಂದರೆ ಹಾಯಿ ಇಳಿಸಿ ಸೆಳವಿಗೆ ಬಿಡಬೇಕು, ಹುಟ್ಟು ಹಾಕಬೇಕು. ಪ್ರಾಚೀನ ಈಜಿಪ್ಟಿನ ಚಿತ್ರಲಿಪಿಯಲ್ಲಿ ‘ದಕ್ಷಿಣಕ್ಕೆ ಹೋಗು’ ಎಂಬ ಕ್ರಿಯಾಪದದ ಕೊನೆಗೆ ಹಾಯಿ ಬಿಚ್ಚಿದ ದೋಣಿಯ ಚಿತ್ರ ಬರೆಯುತ್ತಿದ್ದರು. ‘ಉತ್ತರಕ್ಕೆ ಹೋಗು’ ಎಂಬುದಕ್ಕೆ ಹಾಯಿ ಇಲ್ಲದ ದೋಣಿ. ದಿಕ್ಕು, ಹೊಳೆ, ಗಾಳಿ ಮೂರೂ ಒಂದು ಕ್ರಿಯಾಪದದಲ್ಲಿ! ಸೂರ್ಯ ಮೂಡುವ ಕಡೆ ಮೂಡಣ, ಪಡುವ ಕಡೆ ಪಡುವಣ ಎನ್ನುವ ನಮಗೆ ಇದು ತೀರ ಹೊಸದಲ್ಲ. ತಮಿಳರಿಗೆ ಪಡುವಣ ‘ಮೇಲಿನದು’, ಮೂಡಣ ‘ಕೆಳಗಿನದು’. ಅವರ ಪಡುವಣಕ್ಕೆ ಘಟ್ಟ ನಿಂತಿದೆ.

ದೊಡ್ಡಪ್ಪನಿಗೆ ಈ ಗಾಳಿಯ ಲೆಕ್ಕ ಹೇಳಿದಾಗ ಅವರು ಅಚ್ಚರಿಪಡಲಿಲ್ಲ. ಶರಾವತಿಯಲ್ಲೂ ಹಾಗೇ ಅಂದರು. ಹೊಳೆ ಪಡುವಣಕ್ಕೆ ಹರಿಯುತ್ತದೆ; ಮಧ್ಯಾಹ್ನದ ಮೇಲೆ ಕಡಲಗಾಳಿ ಮೂಡಣಕ್ಕೆ ಬೀಸುತ್ತದೆ. ಹೊನ್ನಾವರದಿಂದ ಗೇರುಸೊಪ್ಪೆಯ ಕಡೆಗೆ ಹೋಗುವ ದೋಣಿಗಳು ಆ ಗಾಳಿಗೆ ಹಾಯಿ ಕೊಟ್ಟು, ಭರತದ, ಅಂದರೆ ಕಡಲು ಉಬ್ಬಿದಾಗಿನ, ನೀರಿನ ಮೇಲೆ ಏರುತ್ತಿದ್ದವು. ಬರುವಾಗ ಬೆಳಗಿನ ನೆಲಗಾಳಿ, ಇಳಿತದ ನೀರು. ಇಲ್ಲೊಂದು ಪದದ ತೊಡಕು ಬಂತು. ಹೊಳೆಯ ಹರಿವಿಗೆ ಎದುರಾಗಿ ಹೋಗುವುದಕ್ಕೆ ‘ಏರುನೀರು’ ಎಂದು ಬರೆದಿದ್ದೆ. ಅದು ತಪ್ಪು, ಏರುವ ನೀರು ಕಡಲಿನದು, ಅಸ್ವಾನಿಗೆ ಕಡಲ ನೀರು ಏರುತ್ತದೆಯೇ ಎಂದು ಅವರು ತಿದ್ದಿದರು. ‘ಹೊಳೆ ಮೇಲಕ್ಕೆ’, ‘ಹೊಳೆ ಕೆಳಕ್ಕೆ’ ಎಂದು ಬದಲಿಸಿದೆ. ಸರಳವಾಗಿದೆ, ಯಾರಿಗೂ ತಿಳಿಯುತ್ತದೆ.

ಆದರೆ ಅಸ್ವಾನಿನಿಂದ ಕೆಳಕ್ಕೆ ಬರುವ ಫಲೂಕ ಸೆಳವಿಗಷ್ಟೇ ಬಿಟ್ಟುಕೊಳ್ಳುವುದಿಲ್ಲ. ಎದುರುಗಾಳಿಗೆ ಓರೆಯಾಗಿ ಹಾಯಿ ಹಿಡಿದು ಈ ದಡದಿಂದ ಆ ದಡಕ್ಕೆ, ಆ ದಡದ ಹತ್ತಿರ ಮೂತಿ ತಿರುಗಿಸಿ ಮತ್ತೆ ಈ ದಡಕ್ಕೆ, ಹೀಗೆ ಹೊಲ ಉಳುವ ಜೋಡೆತ್ತಿನಂತೆ ಸಾಲು ಹಾಕುತ್ತ ಬರುತ್ತದೆ. ಈ ಪ್ರಯಾಣದ ರುಚಿ ಇರುವುದೇ ಆ ತಿರುವಿನಲ್ಲಿ. ಇಂಗ್ಲಿಷಿನವರು ಇದನ್ನು ಟ್ಯಾಕಿಂಗ್ ಎನ್ನುತ್ತಾರೆ. ಕನ್ನಡದ ಪಾರಿಭಾಷಿಕರು ಯಾರಾದರೂ ‘ದಿಕ್ಪರಿವರ್ತನೆ’ ಎಂದುಬಿಟ್ಟಾರು ಎಂಬ ಭಯ ನನಗೆ. ದೊಡ್ಡಪ್ಪ ಕೈಯಲ್ಲಿ ಮಾಡಿ ತೋರಿಸಿದರು, “ಹೊರಳಿಸ್ತಿದ್ರು” ಅಂದರು. ಅದು ಮಂಜಿಯವರ ಪದವೇ, ನನಗೆ ತಿಳಿಯಲೆಂದು ಆಡಿದ ಮಾತೇ ಎಂದು ಕೇಳಿದರೆ ಯೋಚಿಸುತ್ತ ಕೂತರು. ಸದ್ಯಕ್ಕೆ ನಾನು ‘ಹಾಯಿ ಹೊರಳಿಸು’, ನಾಮಪದಕ್ಕೆ ‘ಹೊರಳು’ ಎಂದು ಇಟ್ಟುಕೊಂಡಿದ್ದೇನೆ: “ಎಂಟನೆಯ ಹೊರಳಿಗೆ ದ್ವೀಪ ದಾಟಿತು.” ಕೇಳಲು ಹಿತವಾಗಿದೆ. ಆದರೂ ಬಾಳಿ ಬದುಕಿದ ಪದವೊಂದು ಎಲ್ಲಾದರೂ ಇದ್ದರೆ ನನ್ನ ಕಟ್ಟುಪದ ಬೇಡ.

ಇನ್ನೊಂದು: ಫಲೂಕದ ಮುಮ್ಮೂಲೆ ಹಾಯಿಯನ್ನು ಕೂವೆಗೆ ನೇರವಾಗಿ ಕಟ್ಟುವುದಿಲ್ಲ. ಕೂವೆಯ ತುದಿಗೆ ಓರೆಯಾಗಿ ಇನ್ನೊಂದು ಉದ್ದನೆಯ ಮರ, ಆಕಾಶಕ್ಕೆ ಚುಚ್ಚುವಂತೆ. ಹಾಯಿ ಇರುವುದು ಅದಕ್ಕೆ. ಬಿದಿರಿನ ಗಳುವಿನ ನೆನಪಿನಿಂದ ‘ಹಾಯಿಗಳು’ ಎಂದು ಬರೆದೆ. ಬರೆದು ಓದಿದರೆ ಅದು ಹಾಯಿಯ ಬಹುವಚನ! ‘ಹಾಯಿಗಳೆ’ ಎಂದು ತಿದ್ದಿದ್ದೇನೆ. ನಮ್ಮ ಮಂಜಿ, ಮಚುವೆಗಳಲ್ಲೂ ಇಂಥದೇ ಓರೆಮರ ಇತ್ತು. ಅದಕ್ಕೊಂದು ಹೆಸರು ಖಂಡಿತ ಇದ್ದೇ ಇರಬೇಕು.

ನಾವು ಯಾವುದನ್ನು ಆರಿಸಿದೆವು ಎಂದೂ ಹೇಳಿಬಿಡುತ್ತೇನೆ. ಫಲೂಕವೇ ಆಗಬೇಕೆಂದು ನನ್ನ ಮನಸ್ಸು. ನೀರಿಗೆ ಕೈ ಇಟ್ಟು ಕೂಡಬಹುದಾದ ದೋಣಿ ಅದು. ಆದರೆ ಡಿಸೆಂಬರಿನ ಅಸ್ವಾನಿನಲ್ಲಿ ರಾತ್ರಿ ಚಳಿ, ದೊಡ್ಡಪ್ಪನ ಮೊಣಕಾಲು, ಕತ್ತಲಲ್ಲಿ ಮರಳಿನ ದಡಕ್ಕೆ ಇಳಿದು ಹತ್ತುವ ಕಷ್ಟ, ಇವೆಲ್ಲ ಕೂಡಿ ರಾತ್ರಿಗಳಿಗೆ ದಹಬೀಯವೇ ಎಂದು ತೀರ್ಮಾನವಾಯಿತು. ಅಸ್ವಾನ್ ತಲುಪಿದ ಮೇಲೆ ಎಲಿಫಂಟೈನ್ ದ್ವೀಪದ ಸುತ್ತ ಒಂದಿಡೀ ಮಧ್ಯಾಹ್ನ ಫಲೂಕ. ಮೊದಲ ದಿನವೇ ಕೇಳಲು ಪ್ರಶ್ನೆಗಳನ್ನು ಬರೆದುಕೊಂಡಿದ್ದೇವೆ: ತೇಲುಕವಚ ಎಲ್ಲರಿಗೂ ಇದೆಯೇ, ದಿನಕ್ಕೆ ಎಷ್ಟು ಹೊತ್ತು ಹಾಯಿಯಲ್ಲಿ ಎಷ್ಟು ಹೊತ್ತು ಎಳೆದೋಣಿಯಲ್ಲಿ ಹೋಗುತ್ತೀರಿ, ರಾತ್ರಿ ಲಂಗರು ಎಲ್ಲಿ, ಜೆಬಲ್ ಸಿಲ್‌ಸಿಲದ ಕಲ್ಲುಗಣಿಯ ಬಳಿ ನಿಲ್ಲಿಸುತ್ತೀರಾ. ದೋಣಿಯ ಮುಖ್ಯಸ್ಥನನ್ನು ಅಲ್ಲಿ ‘ರಯ್ಯಿಸ್’ ಎನ್ನುತ್ತಾರೆ. ನಮ್ಮ ಕರಾವಳಿಯ ‘ತಾಂಡೇಲ’ ಅದಕ್ಕೆ ಸರಿಸಮ ಎಂದು ದೊಡ್ಡಪ್ಪನ ತೀರ್ಪು. ಟಿಪ್ಪಣಿಯಲ್ಲಿ ತಾಂಡೇಲನೇ ಇದ್ದಾನೆ.

ಕಾರವಾರ, ಭಟ್ಕಳ, ಕುಂದಾಪುರ, ಮಲ್ಪೆ, ಉಳ್ಳಾಲದ ಕಡೆಯವರಲ್ಲಿ ನನ್ನ ಕೋರಿಕೆ ಇದು. ಮನೆಯಲ್ಲಿ ಹಾಯಿ ಕಟ್ಟಿ ಕಡಲಿಗಿಳಿದ ಹಿರಿಯರಿದ್ದರೆ ಮೂರು ಸಂಗತಿ ಕೇಳಿ ಬರೆಯಿರಿ: ಎದುರುಗಾಳಿಯಲ್ಲಿ ಹಾಯಿಯನ್ನು ಮಗ್ಗುಲು ಬದಲಿಸುವುದಕ್ಕೆ ಏನನ್ನುತ್ತಿದ್ದರು, ಹಾಯಿ ಹೊತ್ತ ಓರೆಮರಕ್ಕೆ ಏನು ಹೆಸರು, ಗಾಳಿ ಪೂರ್ತಿ ನಿಂತು ಹಾಯಿ ಸೊರಗಿದಾಗ ಆ ಹೊತ್ತನ್ನು ಹೇಗೆ ಹೇಳುತ್ತಿದ್ದರು. ತುಳುವಿನದಾದರೂ ಆದೀತು, ಕೊಂಕಣಿಯದಾದರೂ ಆದೀತು, ಕೇಳಿದ ಉಚ್ಚಾರದಲ್ಲೇ ಬರೆಯಿರಿ. ನವೆಂಬರ್ ಕೊನೆಯೊಳಗೆ ಸಿಕ್ಕರೆ ಟಿಪ್ಪಣಿಯಲ್ಲಿ ತಿದ್ದಿ, ದೊಡ್ಡಪ್ಪನಿಗೆ ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಕೊಡುತ್ತೇನೆ.