ಅಪ್ಪನ ಹಳೇ ಮ್ಯಾಸಿ 1035: ಬ್ರೇಕ್ ಒತ್ತಿದರೆ ಬಲಕ್ಕೆ ಎಳೆಯುತ್ತದೆ, ಸ್ಟೇರಿಂಗ್‌ನಲ್ಲಿ ಆಟ ಜಾಸ್ತಿ

ಕೆಂಪುಮಣ್ಣು

ಎಲ್ಲರಿಗೂ ನಮಸ್ಕಾರ. ಊರು ಅರಸೀಕೆರೆ ಹತ್ತಿರ. ಅಪ್ಪನ ಕಾಲದ ಮ್ಯಾಸಿ ಫರ್ಗುಸನ್ 1035 ಟ್ರ್ಯಾಕ್ಟರ್ ಇದೆ, 1979ರದ್ದು. ಅಪ್ಪ ಹೋದ ಮೇಲೆ ಎಂಟು ವರ್ಷ ಶೆಡ್‌ನಲ್ಲೇ ನಿಂತಿತ್ತು. ಈ ಸಲ ರಾಗಿ ಹೊಲಕ್ಕೆ ಬೇಕು ಅಂತ ಡೀಸೆಲ್ ಫಿಲ್ಟರ್, ಬ್ಯಾಟರಿ ಬದಲಾಯಿಸಿದೆ. ಎರಡೇ ಸಲ ಸೆಲ್ಫ್ ಹೊಡೆದಿದ್ದಕ್ಕೆ ಎಂಜಿನ್ ಎದ್ದಿತು, ಅಮ್ಮ ಬಾಗಿಲಲ್ಲಿ ನಿಂತು ಅತ್ತೇ ಬಿಟ್ಟರು.

ತೊಂದರೆ ಎಂಜಿನ್ನಿನದಲ್ಲ. ಮೊನ್ನೆ ಕೆರೆ ಏರಿ ಮೇಲೆ ಬರುವಾಗ ಎದುರಿಗೆ ಎಮ್ಮೆ ಬಂತು, ಬ್ರೇಕ್ ಒತ್ತಿದೆ, ಗಾಡಿ ಪಟ್ಟನೆ ಬಲಕ್ಕೆ ತಿರುಗಿ ನೀರಿನ ಕಡೆಗೆ ಹೋಯಿತು. ಇನ್ನೊಂದು ಮಾರು ಹೋಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಸ್ಟೇರಿಂಗ್ ಕೂಡ ಸರಿಯಿಲ್ಲ. ಚಕ್ರವನ್ನು ಒಂದು ಗೇಣಿನ ಅರ್ಧದಷ್ಟು ತಿರುಗಿಸಿದ ಮೇಲೆ ಮುಂದಿನ ಟೈರ್ ಅಲುಗಾಡುತ್ತದೆ. ಗುಂಡಿಗೆ ಇಳಿದರೆ ಟಕ್ ಅಂತ ಸದ್ದು.

ಊರಿನ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿದೆ. "ಹಳೇ ಗಾಡಿ ಹಾಗೇ ಇರೋದು, ನಿಧಾನಕ್ಕೆ ಓಡಿಸಿ" ಅಂದರು. ಹಾಗೇ ಇರಬೇಕಾ ನಿಜವಾಗಿ? ಗಾಡಿಯ ಮೇಲೆ ನನಗೆ ದೂರಿಲ್ಲ, ನೋಡಿಕೊಳ್ಳದೆ ಬಿಟ್ಟವರು ನಾವು. ಬಲಗಡೆ ಬ್ರೇಕ್ ಡ್ರಮ್ ಬಿಚ್ಚಿ ನೋಡೋಣ ಅಂದುಕೊಂಡಿದ್ದೇನೆ. ಗೊತ್ತಿರುವವರು ಹೇಳಿ.

ಗ್ರೀಸ್ ಗನ್

ಮೊದಲು ಒಂದು ಮಾತು. ರಿಪೇರಿ ಆಗುವ ತನಕ ಗಾಡಿ ರಸ್ತೆಗೆ ಇಳಿಸಬೇಡಿ. ಹೊಲ ಮನೆ ಪಕ್ಕದಲ್ಲೇ ಇದ್ದರೂ ಬೇಡ.

ಬಲಕ್ಕೆ ಎಳೆದರೆ ಬಲಗಡೆ ಕೆಟ್ಟಿದೆ ಅಂತ ಎಲ್ಲರೂ ಬಲಗಡೆ ಬಿಚ್ಚುತ್ತಾರೆ. ಹಾಗಲ್ಲ. ಬಲಗಡೆ ಹಿಡಿಯುತ್ತಿದೆ, ಅದಕ್ಕೇ ಆ ಕಡೆ ಎಳೆಯುತ್ತಿದೆ. ಹಿಡಿಯದೆ ಇರುವುದು ಎಡಗಡೆ. ಅಲ್ಲಿ ಮೊದಲು ಬಿಚ್ಚಿ. ನಾನು ಇಪ್ಪತ್ತೈದು ವರ್ಷದಿಂದ ಮಂಡ್ಯ ಕಡೆ ಇದೇ ಕೆಲಸ ಮಾಡುತ್ತಿದ್ದೇನೆ. ಇಷ್ಟು ವರ್ಷ ನಿಂತ ಗಾಡಿಯಲ್ಲಿ ಹೆಚ್ಚಾಗಿ ಕಾಣುವುದು ಆಕ್ಸಲ್ ಶಾಫ್ಟಿನ ಆಯಿಲ್ ಸೀಲ್ ಒಣಗಿ ಸೀಳಿರುವುದು. ಆಕ್ಸಲ್ ಹೌಸಿಂಗ್‌ನ ಎಣ್ಣೆ ನಿಧಾನಕ್ಕೆ ಡ್ರಮ್ ಒಳಗೆ ಇಳಿದು, ಡ್ರಮ್ಮಿಗೆ ಉಜ್ಜಿ ಚಕ್ರ ನಿಲ್ಲಿಸುವ ಲೈನಿಂಗ್ ಅದನ್ನು ಕುಡಿದುಬಿಟ್ಟಿರುತ್ತದೆ. ನಿಮ್ಮ ಶೆಡ್ ನೆಲ ಎಡಕ್ಕೆ ಇಳಿಜಾರಾ? ಹಾಗಿದ್ದರೆ ಎಣ್ಣೆ ಆ ಕಡೆಗೇ ಹೋಗಿರುತ್ತದೆ.

ಮುಂದಿನ ಎರಡೂ ಟೈರ್‌ಗೆ ಹಿಂದೆ ಮುಂದೆ ಕಲ್ಲು ಕೊಡಿ. ಹಿಂಭಾಗಕ್ಕೆ ಜ್ಯಾಕ್ ಏರಿಸಿ, ಆಕ್ಸಲ್ ಕೆಳಗೆ ಗಟ್ಟಿ ಮರದ ದಿಮ್ಮಿ ಇಟ್ಟು ಭಾರ ಅದರ ಮೇಲೆ ಕೂರಿಸಿ. ಬರೀ ಜ್ಯಾಕ್ ನಂಬಿ ಕೈ ಹಾಕಬೇಡಿ. ಡ್ರಮ್ ತೆಗೆದ ಮೇಲೆ ಒಳಗಿನ ಧೂಳನ್ನು ಬಾಯಲ್ಲಾಗಲಿ ಕಂಪ್ರೆಸರ್‌ನಲ್ಲಾಗಲಿ ಊದಬೇಡಿ. ಆ ಕಾಲದ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರ್‌ನಲ್ಲಿ ಕಟ್ಟಿ ಎಸೆಯಿರಿ. ಇದನ್ನು ನಮ್ಮ ಕೆಲಸದವರು ಯಾರೂ ಹೇಳುವುದಿಲ್ಲ, ನನಗೂ ತಡವಾಗಿ ಗೊತ್ತಾಯಿತು.

ಎಣ್ಣೆ ಕುಡಿದ ಲೈನಿಂಗ್‌ನ್ನು ಪೆಟ್ರೋಲ್‌ನಲ್ಲಿ ತೊಳೆದು ಬಿಸಿಲಿಗೆ ಇಡುವವರಿದ್ದಾರೆ. ಎರಡು ದಿನ ಹಿಡಿಯುತ್ತದೆ, ಆಮೇಲೆ ಬಿಸಿಯಾದಾಗ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಹೊಸದೇ ಹಾಕಿ, ಎರಡೂ ಕಡೆ ಒಟ್ಟಿಗೆ. ಒಂದು ಕಡೆ ಮಾತ್ರ ಹಾಕಿದರೆ ಈಗ ಬಲಕ್ಕೆ ಎಳೆಯುವುದು ಆಗ ಎಡಕ್ಕೆ ಎಳೆಯುತ್ತದೆ ಅಷ್ಟೇ. ಸೀಲ್ ಬದಲಾಯಿಸದೆ ಲೈನಿಂಗ್ ಹಾಕಿದರೆ ದುಡ್ಡು ನೀರಿಗೆ.

ಜೋಡಿಸಿದ ಮೇಲೆ ಅಡ್ಜಸ್ಟರ್‌ನ್ನು ಚಕ್ರ ತಿರುಗದಷ್ಟು ಬಿಗಿ ಮಾಡಿ, ಆಮೇಲೆ ಚಕ್ರ ಕೈಯಲ್ಲಿ ಆರಾಮಾಗಿ ತಿರುಗುವ ತನಕ ಸಡಿಲಿಸಿ. ಹಿಂದಿನ ಎಡ ಬಲ ಚಕ್ರಕ್ಕೆ ಒಂದೊಂದು ಬ್ರೇಕ್ ಪೆಡಲ್ ಇದೆಯಲ್ಲ, ಆ ಎರಡೂ ಒಂದೇ ಎತ್ತರದಲ್ಲಿ, ಒಂದೇ ಆಳದಲ್ಲಿ ಹಿಡಿಯಬೇಕು.

ಹೊಸ ನೊಗ

ಬ್ರೇಕ್ ವಿಷಯ ಗ್ರೀಸ್ ಗನ್ ಅಣ್ಣ ಹೇಳಿದ್ದು ಸರಿ. ಸ್ಟೇರಿಂಗ್‌ಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ. ಸ್ಟೇರಿಂಗ್ ಬಾಕ್ಸ್ ಬಿಚ್ಚಿ ಒಂದೆರಡು ಶಿಮ್ (ಸಂದಿಗೆ ಕೊಡುವ ತೆಳು ತಗಡು) ತೆಗೆದರೆ ಆಟ ಹೋಗುತ್ತದೆ. ನಾನು ನಮ್ಮದಕ್ಕೆ ಹಾಗೇ ಮಾಡಿದ್ದೆ, ಅರ್ಧ ದಿನದ ಕೆಲಸ.

ಮಲೆನಾಡ ಮಗಳು

ನಾನು ಕೊಪ್ಪದ ಕಡೆಯವಳು. ನಮ್ಮ ಮನೆಯಲ್ಲಿ ಇದ್ದದ್ದು ಬಿ-275. ಮಹೀಂದ್ರಾದವರು 1963ರಲ್ಲಿ ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆ ಸೇರಿ ಕಂಪನಿ ಶುರು ಮಾಡಿದರಲ್ಲ, ಅಲ್ಲಿಂದ ಬಂದ ಟ್ರ್ಯಾಕ್ಟರ್. ಅದರ ಬ್ರೇಕ್ ನಿಮ್ಮದರ ಹಾಗೆ ಡ್ರಮ್ ಅಲ್ಲ, ಡಿಸ್ಕ್. ಎರಡು ತಟ್ಟೆ ನಡುವೆ ಉಕ್ಕಿನ ಗುಂಡುಗಳು ಇರುತ್ತವೆ, ಪೆಡಲ್ ಒತ್ತಿದರೆ ತಟ್ಟೆ ತಿರುಗಿ ಗುಂಡು ಏರು ಹತ್ತಿ ತಟ್ಟೆಗಳನ್ನು ದೂಡುತ್ತದೆ. ಗದ್ದೆ ಕೆಸರು ಒಳಗೆ ಹೋಗಿ ಆ ಗುಂಡಿನ ಜಾಗ ತುಕ್ಕು ಹಿಡಿದರೆ ಒತ್ತಿದ ಬ್ರೇಕ್ ಬಿಡುವುದೇ ಇಲ್ಲ, ಇಲ್ಲಾ ಹಿಡಿಯುವುದೇ ಇಲ್ಲ.

ಆದರೆ ನಾನು ಬರೆಯಲು ಕೂತದ್ದು ಬೇರೆ ಕಾರಣಕ್ಕೆ. ಕೆಂಪುಮಣ್ಣು, ನಿಮ್ಮ ಎರಡು ಬ್ರೇಕ್ ಪೆಡಲ್ ಜೋಡಿಸುವ ಕೊಂಡಿ ಇದೆಯಾ? ಇದ್ದರೆ ರಸ್ತೆಯಲ್ಲಿ ಹಾಕುತ್ತೀರಾ? ನಮ್ಮ ಗಾಡಿಯ ಕೊಂಡಿ ಯಾವಾಗಲೋ ಮುರಿದಿತ್ತು. ಹೊಲದ ತುದಿಯಲ್ಲಿ ತಿರುಗಿಸಲು ಒಂದೇ ಪೆಡಲ್ ಒತ್ತುವುದು ಅಣ್ಣನಿಗೆ ಅಭ್ಯಾಸ. ಅಡಿಕೆ ಹೇರಿಕೊಂಡು ಇಳಿಜಾರಿನಲ್ಲಿ ಬರುವಾಗ ನಾಯಿ ಅಡ್ಡ ಬಂತು, ಕಾಲು ಅಭ್ಯಾಸದಂತೆ ಒಂದೇ ಪೆಡಲ್ ಮೇಲೆ ಹೋಯಿತು. ಗಾಡಿ ನಿಂತಲ್ಲೇ ತಿರುಗಿತು, ಹಿಂದಿನ ಟ್ರೇಲರ್ ದೂಡಿತು, ಪಲ್ಟಿ. ಅಣ್ಣ ಬದುಕಿದ, ಸೊಂಟದ ಮೂಳೆ ಮುರಿಯಿತು. ಇವತ್ತಿಗೂ ನೆಲದ ಮೇಲೆ ಕೂರಲು ಆಗುವುದಿಲ್ಲ. ಆ ಕೊಂಡಿ ಅಂಗೈಯಷ್ಟು ಕಬ್ಬಿಣ, ಅಷ್ಟೇ.

ಇನ್ನೊಂದು. ಟ್ರೇಲರ್‌ಗೆ ಬ್ರೇಕ್ ಇಲ್ಲದಿದ್ದರೆ ಅದರ ಭಾರವನ್ನೆಲ್ಲ ನಿಮ್ಮ ಆ ಎರಡು ಡ್ರಮ್ಮೇ ತಡೆಯಬೇಕು. ಡೀಸೆಲ್ ಉಳಿಯುತ್ತದೆ ಅಂತ ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವವರನ್ನು ನಮ್ಮ ಕಡೆ ದಿನಾ ನೋಡುತ್ತೇನೆ. ದಯವಿಟ್ಟು ಮಾಡಬೇಡಿ. ಹತ್ತುವಾಗ ಯಾವ ಗೇರ್ ಬೇಕಾಗುತ್ತಿತ್ತೋ ಇಳಿಯುವಾಗಲೂ ಅದೇ ಗೇರ್, ಅದೂ ಇಳಿಜಾರು ಶುರುವಾಗುವ ಮೊದಲೇ ಹಾಕಿ. ಕ್ಲಚ್ ಒತ್ತಿ ಹಿಡಿದರೂ ನ್ಯೂಟ್ರಲ್ ಆದ ಹಾಗೇ.

ಗ್ರೀಸ್ ಗನ್

ಮಲೆನಾಡ ಮಗಳು ಹೇಳಿದ್ದನ್ನು ಎರಡು ಸಲ ಓದಿ.

ಹೊಸ ನೊಗ ಅವರೇ, ಶಿಮ್ ತೆಗೆಯುವುದು ಕೊನೆಯ ಕೆಲಸ, ಮೊದಲನೆಯದಲ್ಲ. ಸ್ಟೇರಿಂಗ್ ಬಾಕ್ಸ್ ಜಾಸ್ತಿ ಸವೆಯುವುದು ನಡುವಿನಲ್ಲಿ, ನೇರ ಓಡಿಸುವ ಜಾಗದಲ್ಲಿ. ಅಲ್ಲಿನ ಆಟ ಹೋಗುವಷ್ಟು ಬಿಗಿ ಮಾಡಿದರೆ, ಪೂರ್ತಿ ತಿರುಗಿಸಿದಾಗ ಸವೆಯದ ಜಾಗಕ್ಕೆ ಬಂದು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ತಿರುವಿನಲ್ಲಿ ಸ್ಟೇರಿಂಗ್ ವಾಪಸ್ ಬರದಿದ್ದರೆ ಏನಾಗುತ್ತದೆ ಯೋಚಿಸಿ. ನಿಮ್ಮದನ್ನೂ ಒಮ್ಮೆ ಮುಂಭಾಗ ಜ್ಯಾಕ್ ಮಾಡಿ ಈ ತುದಿಯಿಂದ ಆ ತುದಿಗೆ ತಿರುಗಿಸಿ ನೋಡಿ.

ಆಟ ಎಲ್ಲಿದೆ ಅಂತ ಹುಡುಕುವುದು ಸುಲಭ. ಟೈರ್ ನೆಲದ ಮೇಲೇ ಇರಲಿ, ಎಂಜಿನ್ ಆಫ್. ಒಬ್ಬರು ಸ್ಟೇರಿಂಗ್ ಹಿಂದೆ ಮುಂದೆ ಸ್ವಲ್ಪ ಸ್ವಲ್ಪ ಅಲುಗಾಡಿಸಲಿ, ಇನ್ನೊಬ್ಬರು ಒಂದೊಂದೇ ಜಾಯಿಂಟ್ ಮೇಲೆ ಬೆರಳು ಇಟ್ಟು ನೋಡಲಿ. ಒಂದು ಕಡೆ ಅಲುಗಾಡಿ ಇನ್ನೊಂದು ಕಡೆ ಸುಮ್ನೆ ಇದ್ದರೆ ಆಟ ಅಲ್ಲೇ ಇದೆ. ಬಾಲ್ ಜಾಯಿಂಟ್, ಡ್ರಾಪ್ ಆರ್ಮ್, ಸ್ಪಿಂಡಲ್ ಆರ್ಮ್ ಬೋಲ್ಟ್ ಎಲ್ಲ ನೋಡಿ. ಆಮೇಲೆ ಮುಂಭಾಗ ಎತ್ತಿ ಟೈರ್ ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ, ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗುವ ಕಿಂಗ್ ಪಿನ್ನಿನ ಬುಶ್ ಮತ್ತು ಬೇರಿಂಗ್ ಹೋಗಿದ್ದರೆ ಗೊತ್ತಾಗುತ್ತದೆ. ಗುಂಡಿಯಲ್ಲಿ ಟಕ್ ಅನ್ನುವುದು ಹೆಚ್ಚಾಗಿ ಅಲ್ಲಿಂದಲೇ, ಇಲ್ಲಾ ಆಕ್ಸಲ್‌ನ ನಡು ಪಿನ್ನಿನಿಂದ.

ಹಳೇ ಫರ್ಗುಸನ್ ಜಾತಿಯ ಗಾಡಿಯಲ್ಲಿ ಒಂದು ವಿಶೇಷ ಇದೆ. ಸ್ಟೇರಿಂಗ್ ಬಾಕ್ಸಿನ ಎರಡೂ ಕಡೆಯಿಂದ ಒಂದೊಂದು ಡ್ರಾಗ್ ಲಿಂಕ್, ಅಂದರೆ ಚಕ್ರ ತಿರುಗಿಸುವ ರಾಡ್, ಹೋಗುತ್ತದೆ, ಒಂದೊಂದು ಚಕ್ರಕ್ಕೆ ಒಂದೊಂದು. ಎರಡು ಚಕ್ರ ಸೇರಿಸುವ ಅಡ್ಡ ರಾಡ್ ಇರುವುದಿಲ್ಲ. ಬಗ್ಗಿ ನೋಡಿ, ನಿಮ್ಮದೂ ಹಾಗಿದ್ದರೆ ಒಂದು ಬಾಲ್ ಕಳಚಿದರೂ ಆ ಚಕ್ರ ತನಗೆ ಬೇಕಾದ ಕಡೆ ಹೋಗುತ್ತದೆ. ಆದ್ದರಿಂದ ಸವೆದ ಬಾಲ್ ಜಾಯಿಂಟ್‌ಗೆ ವೆಲ್ಡಿಂಗ್ ಬೇಡವೇ ಬೇಡ, ಬಾಗಿದ ಆರ್ಮನ್ನು ಕಾಯಿಸಿ ನೇರ ಮಾಡುವುದೂ ಬೇಡ. ಹೊಸದು ಹಾಕಿ, ನಟ್‌ಗೆ ಹೊಸ ಸ್ಪ್ಲಿಟ್ ಪಿನ್ ಹಾಕಿ. ತಂತಿ ಸುತ್ತಬೇಡಿ.

ಓಡಿಸುವಾಗ ಹೆಬ್ಬೆರಳು ಸ್ಟೇರಿಂಗ್ ಒಳಗೆ ಸಿಕ್ಕಿಸಬೇಡಿ, ಹೊರಗೇ ಇರಲಿ. ಪವರ್ ಸ್ಟೇರಿಂಗ್ ಇಲ್ಲದ ಗಾಡಿ, ಕಲ್ಲಿಗೆ ಟೈರ್ ಬಡಿದರೆ ಚಕ್ರ ರಪ್ಪನೆ ತಿರುಗಿ ಬೆರಳು ಮುರಿಯುತ್ತದೆ.

ಹೊಸ ನೊಗ

ನೋಡಿದೆ ಅಣ್ಣ. ಬಲಕ್ಕೆ ಪೂರ್ತಿ ತಿರುಗಿಸಿದಾಗ ಬಿಗಿಯಾಗುತ್ತದೆ, ನಿಜ. ನಾಳೆಯೇ ಶಿಮ್ ವಾಪಸ್ ಹಾಕಿಸುತ್ತೇನೆ. ತಪ್ಪು ಸಲಹೆ ಕೊಟ್ಟದ್ದಕ್ಕೆ ಕ್ಷಮಿಸಿ, ಕೆಂಪುಮಣ್ಣು.

ಕೆಂಪುಮಣ್ಣು

ಎರಡು ವಾರದ ಮೇಲೆ ಬರೆಯುತ್ತಿದ್ದೇನೆ. ಎಡಗಡೆ ಡ್ರಮ್ ಬಿಚ್ಚಿದಾಗ ಕಪ್ಪು ಎಣ್ಣೆ ನೆಲಕ್ಕೆ ಸುರಿಯಿತು. ಶೆಡ್ ನೆಲ ಎಡಕ್ಕೇ ಇಳಿಜಾರು, ಇಷ್ಟು ವರ್ಷ ಗಮನಿಸಿರಲೇ ಇಲ್ಲ. ಬಲಗಡೆ ಲೈನಿಂಗ್ ಒಣಗಿತ್ತು, ಆದರೆ ರಿವೆಟ್ ತಲೆ ಕಾಣುವಷ್ಟು ಸವೆದಿತ್ತು. ಎರಡೂ ಕಡೆ ಲೈನಿಂಗ್, ಸೀಲ್ ಹೊಸದು. ಸ್ಟೇರಿಂಗ್ ಆಟದಲ್ಲಿ ಮುಕ್ಕಾಲು ಪಾಲು ಎಡಗಡೆ ಲಿಂಕಿನ ಹಿಂದಿನ ಬಾಲ್ ಜಾಯಿಂಟ್‌ದು. ಕೈಯಲ್ಲಿ ಎತ್ತಿದರೆ ಬಾಲ್ ಹೊರಗೆ ಬರುವಂತಿತ್ತು. ಅದನ್ನು ಇಟ್ಟುಕೊಂಡು ಏರಿ ಮೇಲೆ ಓಡಿಸಿದ್ದೆ ಅಂತ ನೆನೆದರೆ ಈಗಲೂ ಕೈ ನಡುಗುತ್ತದೆ.

ಪೆಡಲ್ ಕೊಂಡಿ ಇತ್ತು, ಬಣ್ಣ ತುಕ್ಕು ಸೇರಿ ಅಂಟಿಕೊಂಡಿತ್ತು. ಬಿಡಿಸಿ ಗ್ರೀಸ್ ಹಚ್ಚಿದೆ. ನಿನ್ನೆ ಕಣದ ಹತ್ತಿರದ ಒಣ ಮಣ್ಣಿನಲ್ಲಿ, ಕೊಂಡಿ ಹಾಕಿ, ನಡೆಯುವ ವೇಗದಲ್ಲಿ ಬ್ರೇಕ್ ಒತ್ತಿ ನೋಡಿದೆ. ಹಿಂದಿನ ಎರಡೂ ಟೈರ್ ಒಂದೇ ಉದ್ದ ಜಾರಿದ ಗುರುತು. ಅಮ್ಮನನ್ನು ಕರೆದು ತೋರಿಸಿದೆ.

ಬಲಗಡೆ ಕಿಂಗ್ ಪಿನ್ ಬುಶ್ ಇನ್ನೂ ಬಾಕಿ ಇದೆ, ಲೇತ್‌ನವರು ಶುಕ್ರವಾರ ಕೊಡುತ್ತೇನೆ ಅಂದಿದ್ದಾರೆ. ಅಲ್ಲಿಯ ತನಕ ಗಾಡಿ ದಿಮ್ಮಿ ಮೇಲೇ ಇರುತ್ತದೆ. ಮಲೆನಾಡ ಮಗಳು, ನಿಮ್ಮ ಅಣ್ಣನಿಗೆ ನನ್ನ ನಮಸ್ಕಾರ ಹೇಳಿ.