ಹಳೆಯ ಯುದ್ಧವಿಮಾನ: ಹಾರಿಸಬೇಕಾ, ನಿಲ್ಲಿಸಿಡಬೇಕಾ?

ನೀಲಿಬಾನು:
ಕೀ ಬರ್ಡ್ ಕಥೆ ಓದಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಅದೊಂದು ಬಿ-29 ಬಾಂಬರ್. 1947ರಲ್ಲಿ ಗ್ರೀನ್‌ಲ್ಯಾಂಡಿನ ಹಿಮದ ಮೇಲೆ ಇಳಿದು ಅಲ್ಲೇ ಉಳಿದುಹೋಯಿತು. ಸುಮಾರು ಐವತ್ತು ವರ್ಷ ಕಳೆದ ಮೇಲೆ ಒಂದು ತಂಡ ಹೋಗಿ, ಆ ಚಳಿಯಲ್ಲೇ ನಾಲ್ಕೂ ಎಂಜಿನ್ ಬದಲಿಸಿತು. ಕೆಲಸದ ನಡುವೆ ತಂಡದ ಎಂಜಿನಿಯರ್ ಒಬ್ಬರು ಕಾಯಿಲೆ ಬಿದ್ದು ತೀರಿಕೊಂಡರು. 1995ರ ಮೇ ತಿಂಗಳಲ್ಲಿ ಹಿಮದ ಮೇಲೆ ವಿಮಾನ ಓಡತೊಡಗಿತು. ಅಷ್ಟರಲ್ಲಿ ಒಳಗಿದ್ದ ಸಣ್ಣ ಸಹಾಯಕ ಎಂಜಿನ್‌ನ ಇಂಧನ ಸೋರಿ ಬೆಂಕಿ ಹತ್ತಿತು. ಎಲ್ಲರ ಕಣ್ಣೆದುರೇ ಸುಟ್ಟುಹೋಯಿತು. ಸುಮ್ನೆ ಬಿಟ್ಟಿದ್ದರೆ ಇವತ್ತಿಗೂ ಇರುತ್ತಿತ್ತು ಅಲ್ವಾ? ಹಾರಿಸಲೇಬೇಕು ಅನ್ನುವ ಹಟ ಯಾಕೆ?

ಗರಿ:
ಕೀ ಬರ್ಡ್ ವಿಷಯಕ್ಕೆ ನನಗೂ ಸಂಕಟವಾಗುತ್ತದೆ. ಆದರೆ ಬಿಟ್ಟ ವಿಮಾನ ಹಾಗೇ ಇರುತ್ತದೆ ಅನ್ನೋದು ತಪ್ಪು. ಗ್ಲೇಸಿಯರ್ ಗರ್ಲ್ ನೋಡಿ. 1942ರಲ್ಲಿ ಅದೇ ಗ್ರೀನ್‌ಲ್ಯಾಂಡಿನಲ್ಲಿ ಇಳಿದ ಪಿ-38 ಯುದ್ಧವಿಮಾನ. ಮೇಲಕ್ಕೆ ತಂದದ್ದು 1992ರಲ್ಲಿ, 268 ಅಡಿ ಮಂಜುಗಡ್ಡೆಯ ಅಡಿಯಿಂದ. ಆ ಭಾರಕ್ಕೆ ಮೈಯೆಲ್ಲ ಜಜ್ಜಿಹೋಗಿತ್ತು. ಹತ್ತು ವರ್ಷ ದುಡಿದು 2002ರಲ್ಲಿ ಹಾರಿಸಿದರು.

ಹಳೆಪುಟ:
ಆ ಹತ್ತು ವರ್ಷದಲ್ಲಿ ಎಷ್ಟು ಭಾಗ ಹೊಸದಾಯಿತು ಅಂತಲೂ ಕೇಳಬೇಕು. ಎರಡನೇ ಮಹಾಯುದ್ಧದ ಬ್ರಿಟಿಷ್ ಮಾಸ್ಕಿಟೊವನ್ನೇ ನೋಡಿ, ಅದು ಮರದ ವಿಮಾನ. ಬರ್ಚ್ ಪ್ಲೈವುಡ್, ನಡುವೆ ಬಾಲ್ಸಾ ಅನ್ನುವ ಹಗುರ ಮರ, ಎಲ್ಲಾ ಅಂಟಿನ ಮೇಲೆ ನಿಂತದ್ದು. ಅಂಟು ಸತ್ತರೆ ಮರಕ್ಕೆ ಬಲವಿಲ್ಲ. 2012ರಲ್ಲಿ ನ್ಯೂಜಿಲೆಂಡಿನಲ್ಲಿ ಹಾರಿದ ಮಾಸ್ಕಿಟೊಗೆ ಮರದ ಮೈಯನ್ನು ಹೊಸದಾಗಿಯೇ ಕಟ್ಟಿದರು. ಅದ್ಭುತ ಕೆಲಸ, ಒಪ್ಪುತ್ತೇನೆ. ಆದರೆ 1940ರ ದಶಕದಲ್ಲಿ ಆ ಮರವನ್ನು ಯಾರು ಹೇಗೆ ಜೋಡಿಸಿದರು ಅನ್ನುವ ಗುರುತು ಹೊಸ ಮೈಯಲ್ಲಿ ಸಿಗುವುದಿಲ್ಲ. ನನಗೆ ಬೇಕಾದದ್ದು ಆ ಗುರುತು.

ರಿವೆಟ್:
ನಾನು ವಿಮಾನದ ಶೀಟ್ ಮೆಟಲ್ ಕೆಲಸದವನು. ಹಳೆಪುಟ ಸರ್, ನಿಮ್ಮ ಮಾತು ಸರಿ. ಆದರೆ ನಿಲ್ಲಿಸಿಟ್ಟ ವಿಮಾನದೊಳಗೆ ಏನಾಗುತ್ತದೆ ಅಂತ ಕೇಳಿ. ಹೊರಗಿನಿಂದ ಬಣ್ಣ ಮಿರಮಿರ. ರೆಕ್ಕೆಯ ಬುಡದಲ್ಲಿ ಬಣ್ಣ ಕೆರೆದರೆ ಅಲ್ಯೂಮಿನಿಯಂ ನೀರು ಕುಡಿದ ಪುಸ್ತಕದ ಹಾಗೆ ಪದರ ಪದರವಾಗಿ ಎದ್ದಿರುತ್ತದೆ. ಉಗುರಿನಲ್ಲಿ ಎಬ್ಬಿಸಿದರೆ ಪುಡಿ ಉದುರುತ್ತದೆ. ಹಾರಿಸಬೇಕು ಅಂತ ಹೊರಟವರು ಮಾತ್ರ ಅಲ್ಲಿಯವರೆಗೆ ಬಿಚ್ಚಿ ನೋಡುತ್ತಾರೆ.

ಮತ್ತೆ ಕೈಕೆಲಸ. ತಗಡು ಜೋಡಿಸುವ, 2024 ಅನ್ನುವ ಅಲ್ಯೂಮಿನಿಯಂ ಮಿಶ್ರಲೋಹದ ರಿವೆಟ್‌ಗಳನ್ನು ಕಾಯಿಸಿ, ನೀರಿಗೆ ಹಾಕಿ, ತಕ್ಷಣ ಫ್ರೀಜರ್‌ನಲ್ಲಿಡುತ್ತೇವೆ. ತಣ್ಣಗಿದ್ದಷ್ಟು ಹೊತ್ತು ಮೆತ್ತಗಿರುತ್ತವೆ. ಹೊರಗೆ ತೆಗೆದ ಮೇಲೆ ಹತ್ತಿಪ್ಪತ್ತು ನಿಮಿಷದೊಳಗೆ ಹೊಡೆದು ಮುಗಿಸಬೇಕು. ತಡವಾದರೆ ಗಟ್ಟಿಯಾಗಿ ಬಿರುಕು ಬಿಡುತ್ತವೆ. ಒಬ್ಬರು ಹೊರಗೆ ರಿವೆಟ್ ಹೊಡೆಯುವ ಗನ್ ಹಿಡಿದರೆ, ಇನ್ನೊಬ್ಬರು ರೆಕ್ಕೆಯೊಳಗೆ ತೋಳು ತೂರಿಸಿ, ಕಣ್ಣಿಗೆ ಕಾಣದ ಜಾಗದಲ್ಲಿ ರಿವೆಟ್‌ನ ಬಾಲಕ್ಕೆ ಬಕಿಂಗ್ ಬಾರ್ ಅನ್ನುವ ಭಾರದ ಲೋಹದ ತುಂಡು ಒತ್ತಿಹಿಡಿಯಬೇಕು. ಬಾರ್ ಕೂದಲೆಳೆ ವಾಲಿದರೂ ರಿವೆಟ್ ಸೊಟ್ಟ. ಅದನ್ನು ಕೊರೆದು ತೆಗೆಯಬೇಕು. ಇದನ್ನು ಓದಿ ಕಲಿಯಲು ಆಗುವುದಿಲ್ಲ. ಪಕ್ಕದಲ್ಲಿ ನಿಂತವರು ಕಲಿಸಬೇಕು.

ನೀಲಿಬಾನು:
ರಿವೆಟ್ ಅವರೇ, ಕಲಿಯೋದಕ್ಕೆ ಜನರ ಜೀವ ಪಣಕ್ಕಿಡಬೇಕಾ? 2015ರಲ್ಲಿ ಇಂಗ್ಲೆಂಡಿನ ಶೋರಮ್‌ನಲ್ಲಿ ವೈಮಾನಿಕ ಪ್ರದರ್ಶನದ ವೇಳೆ ಹಳೆಯ ಹಂಟರ್ ಜೆಟ್ ರಸ್ತೆಗೆ ಬಿದ್ದು 11 ಜನ ಸತ್ತರು. 2019ರಲ್ಲಿ ಕನೆಕ್ಟಿಕಟ್‌ನಲ್ಲಿ ಪ್ರಯಾಣಿಕರನ್ನು ಹೊತ್ತ ಹಳೆಯ ಬಿ-17 ಬಾಂಬರ್ ಬಿದ್ದು ಏಳು ಜನ.

ರಿವೆಟ್:
ಆ ಬಿ-17 ವರದಿ ಓದಿದ್ದೇನೆ, ಮೇಡಂ. ಬಲಗಡೆಯ ಎರಡೂ ಎಂಜಿನ್ ಸೊರಗಿದ್ದವು. ಎಂಜಿನ್‌ಗೆ ಕಿಡಿ ಕೊಡುವ ಮ್ಯಾಗ್ನೆಟೊ, ಸ್ಪಾರ್ಕ್ ಪ್ಲಗ್ ಸರಿಯಾಗಿ ನೋಡಿಕೊಂಡಿರಲಿಲ್ಲ. ವಯಸ್ಸಿನ ಮೇಲೆ ತಪ್ಪು ಹೊರಿಸಿ ನಾವು ತಪ್ಪಿಸಿಕೊಳ್ಳಬಾರದು. ಅದು ನಮ್ಮಂಥವರ ಕೆಲಸದ ತಪ್ಪು. ದುಡ್ಡು ತಗೊಂಡು ಜನರನ್ನು ಕೂರಿಸಿಕೊಳ್ಳೋದಕ್ಕೆ ನನ್ನ ವಿರೋಧವಿದೆ. ಜನರ ತಲೆಯ ಮೇಲೆ ಕಸರತ್ತು ಮಾಡೋದಕ್ಕೂ.

ಗರಿ:
ಬ್ರಿಟನ್ನಿನ ಹಳೆಯ ಜೆಟ್ ಬಾಂಬರ್ ವಲ್ಕನ್ ಎಕ್ಸ್‌ಎಚ್558 ನೆನಪಿದೆಯಾ? 2007ರಲ್ಲಿ ಮತ್ತೆ ಹಾರಿತು, 2015ರಲ್ಲಿ ನಿಂತಿತು. ಬಿದ್ದು ನಿಂತದ್ದಲ್ಲ. ತಾಂತ್ರಿಕ ಹೊಣೆ ಹೊತ್ತಿದ್ದ ಕಂಪನಿಗಳು ಹಿಂದೆ ಸರಿದವು. ಬಲ್ಲವರು ಇಲ್ಲ ಅಂದಮೇಲೆ ಇಳಿಸಿಬಿಟ್ಟರು. ನಿಲ್ಲಿಸುವುದೂ ಹೀಗೇ ಇರಬೇಕು.

ಹಳೆಪುಟ:
ಹಾಗಾದರೆ ನನ್ನದೊಂದು ಷರತ್ತು. ಆ ಮಾದರಿಯಲ್ಲಿ ಒಂದೇ ಉಳಿದಿದ್ದರೆ ಮುಟ್ಟಬಾರದು. ಹಲವು ಉಳಿದಿದ್ದರೆ ಹಾರಿಸಿ. ಬಿಚ್ಚಿದ ಹಳೆಯ ತುಂಡು ಗುಜರಿಗೆ ಹೋಗಬಾರದು. ಚೀಟಿ ಅಂಟಿಸಿ ಇಡಿ.

ರಿವೆಟ್:
ಒಪ್ಪಿದೆ ಸರ್. ತುಂಡಿನ ಒಳಮೈಯನ್ನೂ ತೊಳೆಯುವ ಮೊದಲು ನೋಡಬೇಕು. ಒಮ್ಮೆ ಒಂದು ಪ್ಯಾನಲ್ ಬಿಚ್ಚಿದಾಗ ಹಿಂದುಗಡೆ ಪೆನ್ಸಿಲ್‌ನಲ್ಲಿ ಬರೆದ ಕೂಡುವ ಲೆಕ್ಕ ಇತ್ತು. ಯಾರೋ ಅಳತೆ ಕೂಡಿಸಿದ್ದರು. ಹೊಸ ಪ್ಯಾನಲ್ ಅದೇ ಅಳತೆಗೆ ಕತ್ತರಿಸಿದೆವು, ಸರಿಯಾಗಿ ಕೂತಿತು. ಹಳೆಯದು ಈಗಲೂ ಕಪಾಟಿನಲ್ಲಿದೆ.

ನೀಲಿಬಾನು:
ಅದರ ಫೋಟೊ ಇದ್ದರೆ ಹಾಕಿ. ಕೀ ಬರ್ಡ್ ಬಗ್ಗೆ ನನ್ನ ಮಾತು ಬದಲಾಗಿಲ್ಲ, ಆದರೆ ಆ ಲೆಕ್ಕ ನೋಡಬೇಕು.