ದೃಢೀಕರಣ ಆದಮೇಲೆ ಮಕ್ಕಳು ಚರ್ಚ್‌ನ ಯೌವನಸ್ಥರ ಕೂಟಕ್ಕೆ ಬರುತ್ತಿಲ್ಲ, ಏನು ಮಾಡಬಹುದು?

ಪ್ರಶ್ನೆ: ನಮ್ಮದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. ಭಾನುವಾರ ಸಂಜೆ ಎರಡು ಗಂಟೆ ಕಾಲ ಕೂಟ, ಅದರಲ್ಲಿ ಸಂದೇಶವೇ (ಪ್ರಸಂಗ) ಒಂದು ಗಂಟೆ. ದೃಢೀಕರಣ (ದೀಕ್ಷಾಸ್ನಾನ ಆದವರು ತಮ್ಮ ನಂಬಿಕೆಯನ್ನು ತಾವೇ ಒಪ್ಪಿ ಹೇಳುವ ವಿಧಿ) ಆದವರು ಮರುವರ್ಷವೇ ಬಿಡುತ್ತಿದ್ದಾರೆ.

ಉತ್ತರ: ಸಂದೇಶ 15 ನಿಮಿಷ ಸಾಕು. ಆಮೇಲೆ ಐದಾರು ಜನರ ಗುಂಪು ಮಾಡಿ, ಬೈಬಲ್‌ನ ಒಂದೇ ವಾಕ್ಯಭಾಗದ ಮೇಲೆ ಮೂರು ಪ್ರಶ್ನೆ ಕೊಡಿ, ಅರ್ಧ ಗಂಟೆ ಮಾತಾಡಲಿ. ಗುಂಪು ಹತ್ತು ದಾಟಿದರೆ ಇಬ್ಬರೇ ಮಾತಾಡ್ತಾರೆ, ಉಳಿದವರು ಮೊಬೈಲ್ ನೋಡ್ತಾರೆ. ಕೊನೆಯ ಚಹಾ ಮಾತ್ರ ತಪ್ಪಿಸಬೇಡಿ, ಗೆಳೆತನ ಬೆಳೆಯೋದು ಅಲ್ಲೇ.

ಉತ್ತರ: ಜವಾಬ್ದಾರಿಯನ್ನೂ ಕೊಡಿ ಸರ್. ವೇದಪಾಠ (ಆರಾಧನೆಯಲ್ಲಿ ಬೈಬಲ್ ಓದೋದು), ಮೈಕ್, ಗಾಯನವೃಂದ. ಪಟ್ಟಿ ತಿಂಗಳು ಮೊದಲೇ ಹಾಕಿ, ಶನಿವಾರ ಒಮ್ಮೆ ಓದಿಸಿ. ಕುರ್ಚಿ ಜೋಡಿಸೋಕೆ ಮಾತ್ರ ಕರೆದರೆ ಯಾರೂ ಉಳಿಯಲ್ಲ.

ಉತ್ತರ: ಸಮಯವನ್ನೂ ನೋಡಿ. ಕತ್ತಲಾದರೆ ಹುಡುಗಿಯರನ್ನು ಮನೆಯವರು ಕಳಿಸಲ್ಲ. ಬೆಳಗಿನ ಆರಾಧನೆ ಮುಗಿದ ಕೂಡಲೇ ಇಡಿ. ಪಿಯುಸಿ ಪರೀಕ್ಷೆ ಹತ್ತಿರ ಬಂದಾಗ ತಿಂಗಳಿಗೊಮ್ಮೆ ಸಾಕು.